ಮನೆಮಂದಿಯೆಲ್ಲ ಹೊರಟಿದ್ದೇವೆ, ಯಾವ ಸ್ಕೀ ರೆಸಾರ್ಟ್ ಆರಿಸಬೇಕು?

ಪ್ರಶ್ನೆ: ಈ ಚಳಿಗಾಲದ ರಜೆಯಲ್ಲಿ ಮೊದಲ ಸಲ ಸ್ಕೀಯಿಂಗ್‌ಗೆ ಹೋಗಬೇಕು ಅಂದುಕೊಂಡಿದ್ದೇವೆ. ಮಗಳಿಗೆ 5 ವರ್ಷ, ಮಗನಿಗೆ 10. ಅತ್ತೆಯವರೂ ಜೊತೆಗೆ ಬರುತ್ತಾರೆ, ಆದರೆ ಸ್ಕೀ ಮಾಡುವುದಿಲ್ಲ. ನಮ್ಮಲ್ಲಿ ಯಾರಿಗೂ ಅನುಭವವಿಲ್ಲ. ಯಾವ ರೆಸಾರ್ಟ್ ನೋಡಿದರೂ 'ಫ್ಯಾಮಿಲಿ ರೆಸಾರ್ಟ್' ಅಂತಲೇ ಬರೆದುಕೊಂಡಿದೆ. ನಮಗೆ ನಿಜವಾಗಿ ಹೊಂದುವುದು ಯಾವುದು ಅಂತ ತಿಳಿಯುವುದು ಹೇಗೆ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನೀವು ಉಳಿದುಕೊಳ್ಳುವ ರೂಮು, ಮಕ್ಕಳ ಸ್ಕೀ ಶಾಲೆ, ಕಲಿಯುವವರ ಇಳಿಜಾರು, ಈ ಮೂರೂ ಐದು ನಿಮಿಷದ ನಡಿಗೆಯೊಳಗೆ ಇರಬೇಕು. ಮೊದಲು ಇದನ್ನು ನೋಡಿ. ಬೆಟ್ಟ ಎಷ್ಟು ದೊಡ್ಡದು, ಜನರನ್ನು ಮೇಲಕ್ಕೆ ಒಯ್ಯುವ ಲಿಫ್ಟ್ ಎಷ್ಟಿವೆ, ಹೋಟೆಲಿಗೆ ಎಷ್ಟು ಸ್ಟಾರ್ ಅನ್ನುವುದೆಲ್ಲ ಆಮೇಲೆ.

ನಡಿಗೆಯ ದೂರಕ್ಕೆ ಇಷ್ಟೊಂದು ಮಹತ್ವ ಯಾಕೆ ಅನ್ನಿಸಬಹುದು. ಸ್ಕೀ ಬೂಟು ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು. ಅದನ್ನು ಹಾಕಿಕೊಂಡರೆ ಪಾದದ ಗಂಟು ಸರಿಯಾಗಿ ಬಾಗುವುದಿಲ್ಲ. ದೊಡ್ಡವರೇ ಮಂಜುಗಟ್ಟಿದ ರಸ್ತೆಯಲ್ಲಿ ಎಡವುತ್ತಾರೆ. ಇನ್ನು ಐದು ವರ್ಷದ ಮಗು ಹೆಲ್ಮೆಟ್, ಗಾಗಲ್ಸ್, ದಪ್ಪ ಕೈಗವಸು ಎಲ್ಲ ಹಾಕಿಕೊಂಡು ಎಷ್ಟು ದೂರ ನಡೆದೀತು? ಅದರ ಸ್ಕೀ ನಿಮ್ಮ ಹೆಗಲ ಮೇಲೆ, ನಿಮ್ಮದೂ ಅಲ್ಲೇ. ಬೂಟು ಬಿಗಿದು, ಜಾಕೆಟ್ಟಿನ ಜಿಪ್ ಎಳೆದು ಬಾಗಿಲು ದಾಟುವ ಹೊತ್ತಿಗೆ ಮಗುವಿಗೆ ಸುಸು ಬರುತ್ತದೆ. ರೂಮು ಪಕ್ಕದಲ್ಲೇ ಇದ್ದರೆ ಹತ್ತು ನಿಮಿಷ ಹೋಯಿತು ಅಷ್ಟೆ. ಬಸ್ ಸ್ಟಾಪಿನಲ್ಲಿ ನಿಂತಿದ್ದರೆ ಆ ದಿನದ ತರಗತಿಯೇ ತಪ್ಪುತ್ತದೆ.

ನಾವು ಮೊದಲ ಸಲ ಹೋದಾಗ ಈ ತಪ್ಪನ್ನೇ ಮಾಡಿದ್ದೆವು. ರೂಮು ಚೆನ್ನಾಗಿತ್ತು, ಕಿಟಕಿಯಿಂದ ಇಡೀ ಬೆಟ್ಟ ಕಾಣುತ್ತಿತ್ತು. ಲಿಫ್ಟಿಗೆ 'ಬಸ್ಸಿನಲ್ಲಿ ಹತ್ತೇ ನಿಮಿಷ' ಅಂತ ಬರೆದಿದ್ದರು. ಬಸ್ಸು ತುಂಬಿ ಬರುತ್ತಿತ್ತು. ಎರಡನೇ ಬಸ್ಸಿಗೆ ಕಾಯುವಷ್ಟರಲ್ಲಿ ಮಗುವಿನ ಕೈಬೆರಳು ತಣ್ಣಗಾಗಿ ಅಳು ಶುರುವಾಗುತ್ತಿತ್ತು. ಮೂರನೇ ದಿನ ಅವಳು ಬರುವುದಿಲ್ಲ ಅಂತ ಹಠ ಹಿಡಿದಳು. ಅವಳಿಗೆ ಸ್ಕೀಯಿಂಗ್ ಇಷ್ಟವಾಗಿತ್ತು. ಬೇಡವಾಗಿದ್ದು ಬೆಳಗಿನ ಆ ಒಂದು ಗಂಟೆ.

ಹಾಗಾಗಿ ಕಿಲೋಮೀಟರ್ ಲೆಕ್ಕಕ್ಕೆ ಮರುಳಾಗಬೇಡಿ. ಫ್ರಾನ್ಸಿನ ತ್ರುವಾ ವಾಲೆ ಪ್ರದೇಶದಲ್ಲಿ ಸುಮಾರು 600 ಕಿಲೋಮೀಟರ್ ಸ್ಕೀ ದಾರಿಗಳಿವೆ. ಅದ್ಭುತವಾದ ಜಾಗ, ನಿಜ. ಆದರೆ ಮೊದಲ ವಾರ ಕಲಿಯುವ ಕುಟುಂಬ ದಿನವೆಲ್ಲ ಹತ್ತಿ ಇಳಿಯುವುದು ಒಂದೆರಡು ಪುಟ್ಟ ಇಳಿಜಾರುಗಳಲ್ಲೇ. ಉಳಿದದ್ದಕ್ಕೆ ಸುಮ್ನೆ ದುಡ್ಡು ಕೊಟ್ಟಂತೆ. ಲಿಫ್ಟ್ ಹತ್ತಲು ಬೇಕಾಗುವ ಪಾಸ್ ಕೊಳ್ಳುವಾಗಲೂ ಇದು ನೆನಪಿರಲಿ. ಕಲಿಯುವವರ ಜಾಗಕ್ಕಷ್ಟೇ ಬೇರೆ ಟಿಕೆಟ್ ಎಷ್ಟೋ ಕಡೆ ಸಿಗುತ್ತದೆ, ಕೆಲವು ಕಡೆ ಅದು ಉಚಿತ. ತೀರಾ ಚಿಕ್ಕ ಮಕ್ಕಳಿಗೆ ಪಾಸ್ ಬಿಟ್ಟಿಯಾಗಿ ಕೊಡುವ ರೆಸಾರ್ಟ್‌ಗಳೂ ಬಹಳ ಇವೆ. ಕೇಳದೆ ಎಲ್ಲರಿಗೂ ಆರು ದಿನದ ಪೂರ್ತಿ ಪಾಸ್ ತೆಗೆಯಬೇಡಿ.

ಜಾಹೀರಾತಿನ ಫೋಟೋ ಬಿಟ್ಟು ರೆಸಾರ್ಟಿನ ಸ್ಕೀ ಮ್ಯಾಪ್ ತೆರೆಯಿರಿ. ಕಲಿಯುವವರ ಜಾಗ ಎಲ್ಲಿದೆ ಅಂತ ಹುಡುಕಿ. ಊರಿನ ಅಂಚಿನಲ್ಲೇ ಇದ್ದರೆ ಒಳ್ಳೆಯದು. ಕೆಲವು ಕಡೆ ಊರು ಕಣಿವೆಯ ತಳದಲ್ಲಿರುತ್ತದೆ, ಸುತ್ತ ಕಡಿದಾದ ಬೆಟ್ಟ, ಕಲಿಯುವವರು ಗೊಂಡೋಲಾ, ಅಂದರೆ ತಂತಿಯ ಮೇಲೆ ಸಾಗುವ ಮುಚ್ಚಿದ ಡಬ್ಬಿ, ಹತ್ತಿ ಮೇಲೆ ಹೋಗಬೇಕು. ಅಲ್ಲಿ ಹಿಮ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಮಗುವಿಗೆ ನಿದ್ದೆ ಬಂದರೆ, ಬಟ್ಟೆ ಒದ್ದೆಯಾದರೆ ಪ್ರತಿ ಸಲ ಗೊಂಡೋಲಾದಲ್ಲಿ ಕೆಳಗಿಳಿಯಬೇಕು. ಸಂಜೆ ಎಲ್ಲರೂ ಒಟ್ಟಿಗೆ ಇಳಿಯುವಾಗ ಅದಕ್ಕೂ ಸಾಲು.

ಮ್ಯಾಪಿನ ಬಣ್ಣಗಳನ್ನು ಓದುವಾಗ ಎಚ್ಚರ ಇರಲಿ. ಎಲ್ಲ ದೇಶದಲ್ಲೂ ಒಂದೇ ಬಣ್ಣಕ್ಕೆ ಒಂದೇ ಅರ್ಥವಿಲ್ಲ. ಫ್ರಾನ್ಸಿನಲ್ಲಿ ಹಸಿರು ತೀರಾ ಸುಲಭ, ಆಮೇಲೆ ನೀಲಿ, ಕೆಂಪು, ಕಪ್ಪು. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಇಟಲಿಯಲ್ಲಿ ಸಾಮಾನ್ಯವಾಗಿ ನೀಲಿಯೇ ಸುಲಭದ ದಾರಿ. ಅಮೆರಿಕ, ಕೆನಡಾದಲ್ಲಿ ಹಸಿರು ವೃತ್ತ ಸುಲಭದ್ದು, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟದ್ದು. ಅಂದರೆ ಆಸ್ಟ್ರಿಯಾದ ನೀಲಿಯನ್ನು ನಂಬಿಕೊಂಡು ಅಮೆರಿಕದ ನೀಲಿಗೆ ಇಳಿದರೆ ಗಾಬರಿಯಾಗಬಹುದು. ಅಲ್ಲಿ ಬಣ್ಣವನ್ನು ಆಯಾ ಬೆಟ್ಟದ ಉಳಿದ ಇಳಿಜಾರುಗಳಿಗೆ ಹೋಲಿಸಿ ಕೊಡುತ್ತಾರೆ. ಆದ್ದರಿಂದ ಒಂದು ರೆಸಾರ್ಟಿನ ಹಸಿರು ಇನ್ನೊಂದರ ಹಸಿರಿಗಿಂತ ಕಡಿದಾಗಿರಬಹುದು.

ಕಲಿಯುವ ಜಾಗದಲ್ಲಿ ನಾನು ಮೊದಲು ಹುಡುಕುವುದು ಮ್ಯಾಜಿಕ್ ಕಾರ್ಪೆಟ್. ಏರ್‌ಪೋರ್ಟಿನಲ್ಲಿ ನಿಂತಲ್ಲೇ ಮುಂದಕ್ಕೆ ಒಯ್ಯುವ ಪಟ್ಟಿ ಇರುತ್ತದಲ್ಲ, ಹಾಗೇ ಇದು. ಮಗು ಸ್ಕೀ ಸಮೇತ ಅದರ ಮೇಲೆ ನಿಂತರೆ ಸಾಕು, ಮೇಲಕ್ಕೆ ಹೋಗುತ್ತದೆ. ಬಿದ್ದರೂ ಎತ್ತರದಿಂದ ಬೀಳುವುದಿಲ್ಲ. ಇದು ಇಲ್ಲದ ಕಡೆ ಎಳೆದೊಯ್ಯುವ ಲಿಫ್ಟ್ ಇರುತ್ತದೆ. ಹಗ್ಗಕ್ಕೆ ಕಟ್ಟಿದ ತಟ್ಟೆಯನ್ನು ಕಾಲುಗಳ ನಡುವೆ ಸಿಕ್ಕಿಸಿಕೊಂಡು ಜಾರುತ್ತಾ ಹೋಗಬೇಕು. ಮೊದಲ ದಿನ ಅದರಲ್ಲಿ ದೊಡ್ಡವರೂ ಬೀಳುತ್ತಾರೆ. ಚೇರ್‌ಲಿಫ್ಟಿನ ತಂತಿಗೆ ತೂಗುಹಾಕಿದ ಕುರ್ಚಿ ಚಿಕ್ಕ ಮಗುವಿಗೆ ಎತ್ತರ, ಜೊತೆಗೆ ದೊಡ್ಡವರು ಇರಲೇಬೇಕು.

ಇನ್ನೊಂದು, ಆ ಜಾಗಕ್ಕೆ ಬೇಲಿ ಇದೆಯಾ ನೋಡಿ. ಬೆಟ್ಟದ ಮೇಲಿನಿಂದ ವೇಗವಾಗಿ ಬರುವವರ ದಾರಿ ಮಕ್ಕಳ ನಡುವೆ ಹಾದುಹೋಗಬಾರದು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳು ಬಹಳ ದೇಶಗಳಲ್ಲಿ ಚಾಲ್ತಿಯಲ್ಲಿವೆ. ಹಿಂದಿನಿಂದ ಬರುವವನು ಮುಂದಿರುವವನಿಗೆ ಅಪಾಯವಾಗದ ದಾರಿ ಹಿಡಿಯಬೇಕು ಅನ್ನುವುದು ಅದರಲ್ಲಿ ಮುಖ್ಯವಾದದ್ದು. ಮಗನಿಗೂ ಮಗಳಿಗೂ ಹೋಗುವ ಮುಂಚೆಯೇ ಇದನ್ನು ಹೇಳಿಕೊಡಿ. ಆದರೆ ಐದು ವರ್ಷದ ಮಗುವಿನ ವಿಷಯದಲ್ಲಿ ನಿಯಮಕ್ಕಿಂತ ಬೇಲಿಯ ಮೇಲೇ ನನಗೆ ನಂಬಿಕೆ ಜಾಸ್ತಿ.

ಸ್ಕೀ ಶಾಲೆಗಳು ಸಾಮಾನ್ಯವಾಗಿ 3 ಅಥವಾ 4 ವರ್ಷದಿಂದ ಮಕ್ಕಳನ್ನು ಸೇರಿಸಿಕೊಳ್ಳುತ್ತವೆ. ನಿಮ್ಮ ಮಗಳಿಗೆ ಅರ್ಧ ದಿನದ ತರಗತಿ ಸಾಕು. ಮಗ ಇಡೀ ದಿನ ನಿಭಾಯಿಸಬಲ್ಲ. ಒಂದು ಗುಂಪಿನಲ್ಲಿ ಎಷ್ಟು ಮಕ್ಕಳು, ಮೇಷ್ಟ್ರಿಗೆ ನಿಮ್ಮ ಮಕ್ಕಳಿಗೆ ಅರ್ಥವಾಗುವ ಭಾಷೆ ಬರುತ್ತದಾ, ಮಧ್ಯಾಹ್ನದ ಊಟ ಅವರೇ ಕೊಡುತ್ತಾರಾ, ಇವನ್ನು ಬುಕ್ ಮಾಡುವ ಮುಂಚೆ ಕೇಳಿ. ಭಾಷೆ ದೊಡ್ಡ ವಿಷಯ. ಅಪ್ಪ ಅಮ್ಮ ಹತ್ತಿರ ಇಲ್ಲ, ಹೇಳಿದ್ದು ತಿಳಿಯುತ್ತಿಲ್ಲ ಅಂದರೆ ಮಗು ಹೆದರುತ್ತದೆ. ಸ್ಕೀಗಳ ಮೂತಿಯನ್ನು ಹತ್ತಿರ ತಂದು ಹಿಂಬದಿಯನ್ನು ಅಗಲ ಮಾಡಿ, ಪಿಜ್ಜಾ ತುಂಡಿನ ಆಕಾರದಲ್ಲಿ, ಜಾರುವುದನ್ನು ತಡೆದು ನಿಲ್ಲುವುದನ್ನು ಮಕ್ಕಳಿಗೆ 'ಪಿಜ್ಜಾ' ಅಂತ ಹೇಳಿಕೊಡುವುದು ರೂಢಿ. ಆ ಒಂದು ಪಾಠ ಬಂದರೆ ಅರ್ಧ ಗೆದ್ದಂತೆ. ಮಗ ಸ್ನೋಬೋರ್ಡ್ (ಎರಡೂ ಕಾಲು ಕಟ್ಟಿಕೊಂಡು ಜಾರುವ ಒಂದೇ ಹಲಗೆ) ಬೇಕು ಅನ್ನಬಹುದು. ಹತ್ತು ವರ್ಷಕ್ಕೆ ಅದೂ ಆಗುತ್ತದೆ, ಆದರೆ ಮೊದಲ ಒಂದೆರಡು ದಿನ ಜಾಸ್ತಿ ಬೀಳುತ್ತಾನೆ. ನನ್ನನ್ನು ಕೇಳಿದರೆ ಮೊದಲ ವಾರಕ್ಕೆ ಸ್ಕೀಯೇ ಸರಿ. ಮಕ್ಕಳು ತರಗತಿಯಲ್ಲಿರುವ ಹೊತ್ತಿನಲ್ಲೇ ನೀವಿಬ್ಬರೂ ದೊಡ್ಡವರ ತರಗತಿಗೆ ಸೇರಿಕೊಳ್ಳಿ. ನೀವೇ ಮಕ್ಕಳಿಗೆ ಕಲಿಸಲು ಹೋಗಬೇಡಿ.

ಇನ್ನು ಎತ್ತರದ ಮಾತು. ಒಂದು ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಹಾಗಾಗಿ ಎತ್ತರದ ಊರಿನಲ್ಲಿ ಹಿಮದ ಭರವಸೆ ಹೆಚ್ಚು. ಫ್ರಾನ್ಸಿನ ವಾಲ್ ತೊರಾನ್ಸ್ ಇರುವುದು 2,300 ಮೀಟರಿನಲ್ಲಿ. ಅಮೆರಿಕದ ಬ್ರೆಕನ್‌ರಿಜ್ ಊರು 2,900 ಮೀಟರ್ ಹತ್ತಿರ. ಆದರೆ 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಬಹಳ ಜನರಿಗೆ ಆಗುತ್ತದೆ. ಹಗಲು ಎಷ್ಟು ಮೇಲೆ ಹೋದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದು ಇಲ್ಲಿ ಮುಖ್ಯ. ಅತ್ತೆಯವರಿಗೆ ಹೃದಯದ್ದೋ ಉಸಿರಾಟದ್ದೋ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಊರು ಆರಿಸಿ. ತಗ್ಗಿನ ಊರನ್ನು ಆರಿಸಿದರೆ ಹಿಮ ತಯಾರಿಸುವ ಯಂತ್ರಗಳಿವೆಯಾ, ಇಳಿಜಾರು ಉತ್ತರಕ್ಕೆ ಮುಖ ಮಾಡಿದೆಯಾ ನೋಡಿ. ಭೂಮಧ್ಯ ರೇಖೆಯಿಂದ ಮೇಲಿನ ದೇಶಗಳಲ್ಲಿ ಉತ್ತರದ ಇಳಿಜಾರಿಗೆ ಬಿಸಿಲು ಕಡಿಮೆ, ಹಿಮ ಜಾಸ್ತಿ ದಿನ ನಿಲ್ಲುತ್ತದೆ. ಯಂತ್ರಗಳಿಗೂ ಚಳಿ ಬೇಕು ಅನ್ನುವುದು ಗೊತ್ತಿರಲಿ. ಬೆಚ್ಚನೆಯ ವಾರದಲ್ಲಿ ಅವು ಕೆಲಸಕ್ಕೆ ಬರುವುದಿಲ್ಲ.

ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ಎಲ್ಲ ಕಡೆ ಗಿಜಿಗಿಜಿ. ಜನವರಿಯ ಎರಡನೇ ವಾರದಿಂದ ಜನ ಕಡಿಮೆ, ಆದರೆ ಚಳಿ ಕಟು. ನಿಮಗೆ ರಜೆ ಹೊಂದಿಸಿಕೊಳ್ಳಲು ಆಗುವುದಾದರೆ ಮಾರ್ಚ್ ಒಳ್ಳೆಯದು. ಹಗಲು ಉದ್ದ, ಚಳಿ ಹಿತ, ಪುಟ್ಟ ಮಕ್ಕಳು ಹೊರಗೆ ಜಾಸ್ತಿ ಹೊತ್ತು ಇರಬಲ್ಲರು. ಆದರೆ ಆಗ ಹಿಮ ಸಿಗಲು ಎತ್ತರದ ಊರನ್ನೇ ನೋಡಬೇಕಾಗುತ್ತದೆ.

ಸನ್‌ಸ್ಕ್ರೀನ್ ಮತ್ತು ಗಾಗಲ್ಸ್ ಮರೆಯಬೇಡಿ. ಹೊಸ ಹಿಮ ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಶೇ. 80ರವರೆಗೆ ವಾಪಸ್ ಹೊಡೆಯುತ್ತದೆ. ಮಕ್ಕಳ ಗಲ್ಲ, ಗದ್ದದ ಕೆಳಭಾಗವೂ ಸುಡುತ್ತದೆ. ಹೆಲ್ಮೆಟ್ ಇಲ್ಲದೆ ಯಾರೂ ಇಳಿಯಬಾರದು. ಇಟಲಿಯಲ್ಲಂತೂ ಮಕ್ಕಳಿಗೆ 2005ರಿಂದಲೇ ಅದು ಕಾನೂನು, ಮತ್ತು ಇನ್ನೊಬ್ಬರಿಗೆ ಪೆಟ್ಟಾದರೆ ಭರಿಸುವ ವಿಮೆ 2022ರಿಂದ ಸ್ಕೀ ಮಾಡುವವರಿಗೆ ಕಡ್ಡಾಯ. ನಿಮ್ಮ ಪ್ರವಾಸ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆಯಾ, ಬೆಟ್ಟದ ಮೇಲಿನಿಂದ ಕರೆತರುವ ಖರ್ಚು ಸೇರಿದೆಯಾ, ಎರಡನ್ನೂ ಓದಿ ನೋಡಿ.

ಹೆಸರು ಹೇಳಿ ಅಂದರೆ, ನಿಮ್ಮಂಥ ಕುಟುಂಬಕ್ಕೆ ನನಗೆ ಇಷ್ಟವಾಗುವುದು ವಾಹನ ಕಡಿಮೆ ಇರುವ ಊರುಗಳು. ಆಸ್ಟ್ರಿಯಾದ ಸೆರ್ಫೌಸ್ ಪುಟ್ಟ ಹಳ್ಳಿ. ಅಲ್ಲಿ ಬೀದಿಯ ಅಡಿಯಲ್ಲಿ 1985ರಿಂದ ಒಂದು ಪುಟ್ಟ ರೈಲು ಓಡುತ್ತಿದೆ, ಜನ ಸ್ಕೀ ಹಿಡಿದುಕೊಂಡೇ ಅದರಲ್ಲಿ ಲಿಫ್ಟಿನ ಹತ್ತಿರ ಹೋಗುತ್ತಾರೆ. ಮಕ್ಕಳಿಗಾಗಿಯೇ ದೊಡ್ಡ ಜಾಗ ಬಿಟ್ಟಿದ್ದಾರೆ. ಫ್ರಾನ್ಸಿನ ಅವೊರಿಯಾಜ್ 1,800 ಮೀಟರಿನಲ್ಲಿದೆ. ಊರೊಳಗೆ ಕಾರಿಲ್ಲ, ಬೀದಿಯಲ್ಲೇ ಹಿಮ, ಬಹಳ ಮನೆಗಳ ಬಾಗಿಲಿನಿಂದಲೇ ಸ್ಕೀ ಮೇಲೆ ಹೊರಡಬಹುದು. ಸ್ವಿಟ್ಜರ್ಲೆಂಡಿನ ವೆಂಗೆನ್‌ಗೆ ಹಲ್ಲುಗಾಲಿಯ ರೈಲಿನಲ್ಲೇ ಹೋಗಬೇಕು. ಎತ್ತರ 1,274 ಮೀಟರ್. ಉಸಿರಿಗೆ ಹಿತ, ಸ್ಕೀ ಮಾಡದವರೂ ರೈಲಿನಲ್ಲಿ ಮೇಲೆ ಹೋಗಿ ಐಗರ್ ಶಿಖರ ನೋಡಿ ಬರಬಹುದು. ಆ ಎತ್ತರದಲ್ಲಿ ಊರಿನ ಹಿಮ ಪ್ರತಿ ವರ್ಷ ಒಂದೇ ಥರ ಇರುವುದಿಲ್ಲ ಅನ್ನುವುದೊಂದೇ ಕೊರತೆ.

ಈಗ ಅತ್ತೆಯವರ ವಿಷಯ. ಎಲ್ಲರೂ ಬೆಟ್ಟಕ್ಕೆ ಹೋದ ಮೇಲೆ ಅವರು ದಿನವಿಡೀ ರೂಮಿನಲ್ಲಿ ಕೂತಿರುವ ಹಾಗಾಗಬಾರದು ಅಲ್ವಾ? ಸ್ಕೀ ಮಾಡದವರಿಗೆ ಗೊಂಡೋಲಾ ಟಿಕೆಟ್ ಸಿಗುತ್ತದಾ, ನಡೆಯಲು ಹಿಮ ಗುಡಿಸಿದ ದಾರಿ ಇದೆಯಾ, ಆ ದಾರಿಗೆ ಉಪ್ಪೋ ಮರಳೋ ಹಾಕುತ್ತಾರಾ ಅಂತ ರೆಸಾರ್ಟಿಗೇ ಬರೆದು ಕೇಳಿ. ಕಲಿಯುವವರ ಇಳಿಜಾರಿನ ಪಕ್ಕದಲ್ಲಿ ಬೆಚ್ಚಗೆ ಕೂರುವ ಜಾಗ ಇದೆಯಾ ಅಂತಲೂ ಕೇಳಿ. ಇದ್ದರೆ ಮೊಮ್ಮಗಳು ಕೈಬಿಟ್ಟು ಮೊದಲ ಸಲ ಜಾರಿ ಬರುವುದನ್ನು ಅವರು ಕಿಟಕಿಯಿಂದ ನೋಡಬಹುದು. ಅವಳೂ ಕೆಳಗೆ ಬಂದ ಕೂಡಲೇ ತಲೆಯೆತ್ತಿ ಅಜ್ಜಿ ನೋಡಿದರಾ ಅಂತ ಹುಡುಕುತ್ತಾಳೆ.