ಪ್ರಚಾರ ಅಡಗಿರುವುದು ಆಟದ ನಿಯಮದಲ್ಲಿ

2006ರ ಮೇ ತಿಂಗಳಲ್ಲಿ ಅಮೆರಿಕ ಸಂಸತ್ತಿನ ಗುಪ್ತಚರ ಸಮಿತಿಯ ಮುಂದೆ ತಜ್ಞರು ಒಂದು ವಿಡಿಯೊ ತೋರಿಸಿದರು. ಬ್ಯಾಟಲ್‌ಫೀಲ್ಡ್ 2 ಎಂಬ ಯುದ್ಧದ ವಿಡಿಯೊ ಗೇಮ್‌ನಲ್ಲಿ ಅರಬ್ ಹೋರಾಟಗಾರನೊಬ್ಬ ಅಮೆರಿಕದ ಸೈನಿಕರತ್ತ ಗುಂಡು ಹಾರಿಸುವ ದೃಶ್ಯ ಅದು. ಉಗ್ರಗಾಮಿಗಳು ಆಟವನ್ನೇ ತಿದ್ದಿ ಯುವಕರನ್ನು ಸೆಳೆಯುತ್ತಿದ್ದಾರೆ ಎಂದು ವಿವರಣೆ ಕೊಟ್ಟರು. ಆಮೇಲೆ ಸತ್ಯ ಹೊರಬಿತ್ತು. ವಿಡಿಯೊ ಮಾಡಿದವನು ಒಬ್ಬ ಸಾಮಾನ್ಯ ಆಟಗಾರ. ಆಟವನ್ನು ಯಾರೂ ತಿದ್ದಿರಲಿಲ್ಲ, ಕಂಪನಿಯೇ ಮಾರುತ್ತಿದ್ದ ಹೆಚ್ಚುವರಿ ಪ್ಯಾಕ್‌ನಲ್ಲಿ ಆ ಪಾತ್ರ ಇತ್ತು. ಹಿನ್ನೆಲೆಯ ಮಾತು ಒಂದು ವಿಡಂಬನಾ ಚಿತ್ರದಿಂದ ತೆಗೆದದ್ದು.

ಗೇಮ್ ಪರಿಶೀಲನೆಯ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಈ ಪ್ರಸಂಗವನ್ನೇ. ಆ ತಜ್ಞರು ವಿಡಿಯೊ ನೋಡಿದ್ದರು, ಆಟ ಆಡಿರಲಿಲ್ಲ. ರಕ್ತ, ಬಾವುಟ, ಘೋಷಣೆ ವಿಡಿಯೊದಲ್ಲಿ ಕಾಣುತ್ತವೆ. ಆದರೆ ಯಾವ ಕೆಲಸಕ್ಕೆ ಅಂಕ ಸಿಗುತ್ತದೆ, ಯಾವುದಕ್ಕೆ ಆಟ ಮುಗಿಯುತ್ತದೆ, ಕಥೆ ಯಾವ ಕ್ಷಣದಿಂದ ಶುರುವಾಗುತ್ತದೆ ಎಂಬುದು ಆಡಿದವರಿಗೆ ಮಾತ್ರ ತಿಳಿಯುತ್ತದೆ.

ಲೆಬನಾನಿನ ಸಶಸ್ತ್ರ ಸಂಘಟನೆ ಹೆಜ್ಬೊಲ್ಲಾದ ಆಟಗಳನ್ನೇ ನೋಡಿ. 2003ರಲ್ಲಿ ಬಂದ ‘ಸ್ಪೆಷಲ್ ಫೋರ್ಸ್’ನಲ್ಲಿ ಆಟಗಾರ ದಕ್ಷಿಣ ಲೆಬನಾನಿನಲ್ಲಿ ಇಸ್ರೇಲಿ ಸೇನೆಯ ವಿರುದ್ಧ ಹೋರಾಡುತ್ತಾನೆ. ತರಬೇತಿಯ ಹಂತದಲ್ಲಿ ಗುರಿಯಾಗಿ ಎದುರು ನಿಲ್ಲುವುದು ಏರಿಯಲ್ ಶರೋನ್‌ರಂಥ ಇಸ್ರೇಲಿ ನಾಯಕರ ಚಿತ್ರ. ಬಂದೂಕು ಹಿಡಿಯಲು ಕಲಿಯುವ ಮೊದಲ ನಿಮಿಷದಲ್ಲೇ ಹಗೆಯ ಮುಖ ನಿಗದಿಯಾಗಿಬಿಡುತ್ತದೆ, ಭಾಷಣದ ಅಗತ್ಯವೇ ಬೀಳುವುದಿಲ್ಲ. 2006ರ ಯುದ್ಧವನ್ನು ಆಧರಿಸಿದ ಎರಡನೇ ಭಾಗ 2007ರಲ್ಲಿ ಬಂತು. 2018ರ ‘ಹೋಲಿ ಡಿಫೆನ್ಸ್’ ಹೊತ್ತಿಗೆ ಶತ್ರು ಬದಲಾಗಿ, ಇಸ್ರೇಲ್ ಇದ್ದ ಜಾಗಕ್ಕೆ ಐಸಿಸ್ ಬಂದಿತ್ತು. ಕಥೆ ಡಮಾಸ್ಕಸ್ ಬಳಿಯ ಸಯ್ಯಿದಾ ಝೈನಬ್ ದರ್ಗಾದ ರಕ್ಷಣೆಯ ಸುತ್ತ ಹೆಣೆದದ್ದು. ಲೆಬನಾನಿನ ಹುಡುಗರು ಸಿರಿಯಾಕ್ಕೆ ಹೋಗಿ ಸಾಯುತ್ತಿದ್ದುದೇಕೆ ಎಂದು ಸಂಘಟನೆ ತನ್ನವರಿಗೇ ವಿವರಿಸಬೇಕಿದ್ದ ಕಾಲ ಅದು. ಪವಿತ್ರ ಸ್ಥಳದ ರಕ್ಷಣೆಯಿಂದ ಕಥೆ ಶುರು ಮಾಡಿದರೆ, ಸಿರಿಯಾದ ಅಸಾದ್ ಸರ್ಕಾರದ ಪರ ಯುದ್ಧಕ್ಕಿಳಿದ ರಾಜಕೀಯ ತೀರ್ಮಾನ ಆಟಗಾರನ ಕಣ್ಣಿಗೆ ಬೀಳುವುದೇ ಇಲ್ಲ. ನನ್ನ ಮಟ್ಟಿಗೆ ಈ ಮೂರರಲ್ಲಿ ಅತಿ ಜಾಣತನದ ಪ್ರಚಾರ ಇದೇ.

ಸ್ಪೆಷಲ್ ಫೋರ್ಸ್ ಕಟ್ಟಿದ್ದು ಜೆನೆಸಿಸ್3ಡಿ ಎಂಬ ಎಂಜಿನ್, ಅಂದರೆ ಆಟ ಕಟ್ಟಲು ಬಳಸುವ ಸಿದ್ಧ ತಂತ್ರಾಂಶದ ಮೇಲೆ. ಅದಕ್ಕೂ ಒಂದು ವರ್ಷ ಮೊದಲು ಅಮೆರಿಕದ ನವನಾಜಿ ಸಂಘಟನೆ ನ್ಯಾಷನಲ್ ಅಲಯನ್ಸ್‌ನ ಸಂಗೀತ ಸಂಸ್ಥೆ ‘ಎಥ್ನಿಕ್ ಕ್ಲೆನ್ಸಿಂಗ್’ ಎಂಬ ಆಟ ಹೊರತಂದಿತ್ತು. ಅದರ ಎಂಜಿನ್ ಕೂಡ ಇದೇ. ಒಂದೇ ಚೌಕಟ್ಟಿನಲ್ಲಿ ಶತ್ರು ಮಾತ್ರ ಬದಲಾಗುವುದಕ್ಕೆ ಇನ್ನೊಂದು ಉದಾಹರಣೆ ಇದಕ್ಕಿಂತ ನೇರ. ಸದ್ದಾಂನನ್ನು ಬೇಟೆಯಾಡುವ ಅಮೆರಿಕದ ಆಟವೊಂದು 2003ರಲ್ಲಿ ಬಂದಿತ್ತು. 2006ರಲ್ಲಿ ಅಲ್ ಖೈದಾ ಪರ ಪ್ರಚಾರ ಮಾಡುವ ಗ್ಲೋಬಲ್ ಇಸ್ಲಾಮಿಕ್ ಮೀಡಿಯಾ ಫ್ರಂಟ್ ಅದನ್ನೇ ಎತ್ತಿಕೊಂಡು ಮುಖ, ಗೋಡೆಚಿತ್ರ, ಹಾಡು ಬದಲಿಸಿ ಬುಷ್‌ರನ್ನು ಬೇಟೆಯಾಡುವ ಆಟ ಮಾಡಿತು. ಬೇಟೆಯ ನಿಯಮ ಹಾಗೇ ಉಳಿಯಿತು. ಎದುರಿಗಿರುವವನನ್ನು ಕೊಲ್ಲುವುದೊಂದೇ ದಾರಿ ಎನ್ನುವ ಆಟಕ್ಕೆ ಯಾರ ಮುಖ ಅಂಟಿಸಿದರೂ ನಡೆಯುತ್ತದೆ.

ಸರ್ಕಾರಗಳೂ ಈ ವಿದ್ಯೆ ಬಲ್ಲವು. 2002ರಲ್ಲಿ ಅಮೆರಿಕದ ಸೇನೆ ಉಚಿತವಾಗಿ ಹಂಚಿದ ‘ಅಮೆರಿಕಾಸ್ ಆರ್ಮಿ’ಯಲ್ಲಿ ಎರಡು ತಂಡ ಸೆಣಸುತ್ತವೆ. ಎರಡೂ ತಂಡದವರ ಪರದೆಯಲ್ಲಿ ತಾವೇ ಅಮೆರಿಕದ ಸೈನಿಕರು, ಎದುರಿನವರು ಶತ್ರುಗಳು. ಶತ್ರುವಿನ ಜಾಗದಲ್ಲಿ ನಿಂತು ನೋಡುವ ಅವಕಾಶವೇ ಯಾರಿಗೂ ಸಿಗುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಡಮಾಸ್ಕಸ್‌ನ ಪ್ರಕಾಶನ ಸಂಸ್ಥೆಯೊಂದು 2001ರಲ್ಲಿ ತಂದ ‘ಅಂಡರ್ ಆಶ್’ ಪ್ಯಾಲೆಸ್ಟೀನ್ ಪರವಾಗಿ ನಿಲ್ಲುವ ಆಟವೇ ಆದರೂ, ಅದರಲ್ಲಿ ನಾಗರಿಕರನ್ನು ಕೊಂದರೆ ಆಟ ಮುಗಿಯುತ್ತದೆ. ಅದರ ರಾಜಕೀಯವನ್ನು ಒಪ್ಪಬೇಕೆಂದಿಲ್ಲ. ಆದರೆ ನಿಯಮದಲ್ಲಿರುವ ಆ ಒಂದು ಗೆರೆಯನ್ನು ನಾನು ವರದಿಯಲ್ಲಿ ಬರೆಯದೆ ಬಿಡಲಾರೆ.

ಈಗ ಸಂಘಟನೆಗಳು ಆಟ ಕಟ್ಟುವ ತೊಂದರೆ ತೆಗೆದುಕೊಳ್ಳಲೇಬೇಕೆಂದಿಲ್ಲ. ಅಭಿಮಾನಿಗಳೇ ಸಿದ್ಧ ವೇದಿಕೆಗಳಲ್ಲಿ ಕಟ್ಟಿಕೊಡುತ್ತಾರೆ. 2023ರಲ್ಲಿ ಸಿಂಗಾಪುರದ ಆಂತರಿಕ ಭದ್ರತಾ ಇಲಾಖೆ ಪ್ರಕಟಿಸಿದ ಪ್ರಕರಣ ನನ್ನನ್ನು ಬಹಳ ಕಾಡಿದೆ. 16 ವರ್ಷದ ಹುಡುಗನೊಬ್ಬ, ಬಳಕೆದಾರರೇ ಆಟ ಕಟ್ಟಿ ಆಡುವ ರೋಬ್ಲಾಕ್ಸ್ ವೇದಿಕೆಯಲ್ಲಿ ಐಸಿಸ್ ಮಾದರಿಯ ಸರ್ವರ್‌ಗಳಿಗೆ ಸೇರಿದ್ದ. ಅಲ್ಲಿನ ನಾಯಕನಿಗೆ ನಿಷ್ಠೆಯ ಪ್ರತಿಜ್ಞೆ ಮಾಡಿದ್ದ. ಅವನಿಗೆ ಅಲ್ಲಿ ವಕ್ತಾರನ ಹುದ್ದೆ ಇತ್ತು, ಪ್ರಚಾರದ ಹೊಣೆಯೂ ಇತ್ತು. ಆಟದ ದೃಶ್ಯಗಳನ್ನೇ ಬಳಸಿ ಪ್ರಚಾರದ ವಿಡಿಯೊ ಮಾಡುತ್ತಿದ್ದ. ಅವನನ್ನು ಹಿಡಿದಿಟ್ಟದ್ದು ಗುಂಡಿನ ಸದ್ದೇ ಇರಲಿಕ್ಕಿಲ್ಲ, ಆ ಹುದ್ದೆಯೂ ಇದ್ದೀತು. ಹದಿನಾರರ ಹುಡುಗನನ್ನು ‘ನೀನಿಲ್ಲದೆ ನಡೆಯದು’ ಎಂದು ಹೇಳಿ ಜತೆಗಿಟ್ಟುಕೊಳ್ಳುವವರು ಎಷ್ಟು ಜನ?

ಹಾಗಾಗಿ ದೂರು ಬಂದಾಗ ನಾನು ಆಟ ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನೂ ನೋಡುತ್ತೇನೆ. ಬೇರೆ ಚಾಟ್ ಗುಂಪಿಗೆ ಕರೆಯುತ್ತಾರೆಯೇ, ಬಡ್ತಿ ಕೊಡುತ್ತಾರೆಯೇ, ಪ್ರತಿಜ್ಞೆ ಕೇಳುತ್ತಾರೆಯೇ? ಎಷ್ಟೋ ಯುದ್ಧದ ಆಟಗಳಲ್ಲಿ ಇದ್ಯಾವುದೂ ಇರುವುದಿಲ್ಲ, ಅವನ್ನು ಆಡುವ ಮಕ್ಕಳನ್ನು ಅನುಮಾನಿಸುವುದು ಅನ್ಯಾಯ. ‘ಮಗ ದಿನವಿಡೀ ಗುಂಡು ಹಾರಿಸುವ ಆಟ ಆಡುತ್ತಾನೆ, ಏನು ಮಾಡಲಿ’ ಎಂದು ಕೇಳುವ ತಂದೆತಾಯಿಗೆ ನಾನು ಹೇಳುವುದಿಷ್ಟು: ಕಂಪ್ಯೂಟರ್ ಕಸಿಯಬೇಡಿ, ಅರ್ಧ ಗಂಟೆ ಪಕ್ಕದಲ್ಲಿ ಕೂತು ನೀವೂ ಆಡಿ. ಆಡುತ್ತಲೇ ಕೇಳಿ: ‘ಇಲ್ಲಿ ನಿನ್ನನ್ನು ಏನಂತ ಕರೀತಾರೆ? ಆ ಹೆಸರು ಕೊಟ್ಟಿದ್ದು ಯಾರು?’