ಅಧಿಕಾರ ವಿಭಜನೆ: ಅಂಗ ಮೂರು, ಕಟ್ಟಡ ಎರಡು

ಅಂಬೇಡ್ಕರ್ ವೀಧಿಯಲ್ಲಿ ನಿಂತರೆ ಒಂದು ಕಡೆ ವಿಧಾನಸೌಧ, ಎದುರಿಗೆ ಕೆಂಪು ಬಣ್ಣದ ಹೈಕೋರ್ಟ್. ‘ಅಧಿಕಾರ ವಿಭಜನೆ’ ಅಂದರೆ ಏನು ಅಂತ ಕೇಳಿದವರಿಗೆ ನಾನು ಈ ರಸ್ತೆಯನ್ನೇ ತೋರಿಸುತ್ತೇನೆ.

ಕಾನೂನು ಮಾಡುವುದು ಶಾಸಕಾಂಗ, ಜಾರಿಗೆ ತರುವುದು ಕಾರ್ಯಾಂಗ, ತಕರಾರು ಬಂದರೆ ತೀರ್ಪು ಕೊಡುವುದು ನ್ಯಾಯಾಂಗ. ಇಷ್ಟು ಸ್ಕೂಲಲ್ಲೇ ಓದಿದ್ದೇವೆ. ಮೂರೂ ಒಬ್ಬನ ಕೈಗೆ ಸಿಕ್ಕರೆ ರೂಲ್ಸ್ ಮಾಡಿದವನೇ ಫೈನ್ ಹಾಕುತ್ತಾನೆ, ಅಪೀಲು ಹೋದರೆ ಅಲ್ಲೂ ಅವನೇ ಕೂತಿರುತ್ತಾನೆ.

ಈಗ ಕಟ್ಟಡ ಎಣಿಸಿ. ಶಾಸಕರ ಸಭಾಂಗಣ, ಮುಖ್ಯಮಂತ್ರಿ ಕಚೇರಿ ಎರಡೂ ವಿಧಾನಸೌಧದ ಒಂದೇ ಸೂರಿನಡಿ ಇವೆ. ನಮ್ಮ ಸಂವಿಧಾನವೂ ಹಾಗೇ ಇದೆ. ಅಮೆರಿಕದಲ್ಲಿ ಮಂತ್ರಿಯಾದವರು ಅಲ್ಲಿನ ಸಂಸತ್ತಿನಲ್ಲಿ ಕೂರುವಂತಿಲ್ಲ. ನಮ್ಮಲ್ಲಿ ಉಲ್ಟಾ: ಮಂತ್ರಿಯಾದವರು ಆರು ತಿಂಗಳೊಳಗೆ ವಿಧಾನಸಭೆಗೋ ಪರಿಷತ್ತಿಗೋ ಸದಸ್ಯರಾಗದಿದ್ದರೆ 164ನೇ ವಿಧಿಯ ಪ್ರಕಾರ ಕುರ್ಚಿ ಬಿಡಬೇಕು. ಸಂವಿಧಾನ ಬಾಯಿಬಿಟ್ಟು ‘ಬೇರೆ ಮಾಡಿ’ ಅಂತ ಹೇಳುವುದು 50ನೇ ವಿಧಿಯಲ್ಲಿ, ಅದೂ ಕಾರ್ಯಾಂಗದಿಂದ ನ್ಯಾಯಾಂಗವನ್ನು. ಅಂದರೆ ಸರಿಯಾಗಿ ಈ ರಸ್ತೆ ಇರುವ ಜಾಗದಲ್ಲಿ. (ತಮಾಷೆ ನೋಡಿ, ಆ ಕೆಂಪು ಕಟ್ಟಡದಲ್ಲಿ ಮೊದಲು ಸರ್ಕಾರದ ಇಲಾಖೆಗಳೇ ಇದ್ದವು. ಅಠಾರಾ ಅಂದರೆ ಹದಿನೆಂಟು, ಅದಕ್ಕೇ ಅಠಾರಾ ಕಚೇರಿ. ವಿಧಾನಸೌಧ ಎದ್ದ ಮೇಲೆ ಸಚಿವಾಲಯ ಈಚೆ ಬಂತು.)

ಪೇಪರಲ್ಲಿ ಬರುವ ‘ಅಧಿಕಾರ ಹಂಚಿಕೆ’ ಬೇರೆ. ಅದು ದೆಹಲಿಗೆಷ್ಟು, ರಾಜ್ಯಕ್ಕೆಷ್ಟು ಅನ್ನುವ ಲೆಕ್ಕ. ಇಲ್ಲಾಂದ್ರೆ 2006ರ 20-20 ಸರ್ಕಾರದ ಒಪ್ಪಂದದ ಥರ ಇಬ್ಬರು ಇಪ್ಪತ್ತಿಪ್ಪತ್ತು ತಿಂಗಳ ಸರದಿ ಮೇಲೆ ಕುರ್ಚಿ ಹಂಚಿಕೊಳ್ಳುವುದು.

ವಿಭಜನೆ ಅಂದರೆ ಒಬ್ಬರ ಮನೆಗೆ ಒಬ್ಬರು ಹೋಗಲೇಬಾರದು ಅಂತಲ್ಲ. ಎಲ್ಲಿವರೆಗೆ ಹೋಗಬಹುದು ಅನ್ನುವುದೇ ಪ್ರಶ್ನೆ. ಜಡ್ಜುಗಳು ಕೋರ್ಟಿನಲ್ಲಿ ನಡೆದುಕೊಂಡ ರೀತಿಯ ಬಗ್ಗೆ ವಿಧಾನಸಭೆಯಲ್ಲಿ ಚರ್ಚೆ ಮಾಡುವಂತಿಲ್ಲ, ಸದನದ ಕಲಾಪದಲ್ಲಿ ಕ್ರಮ ತಪ್ಪಿದೆ ಅಂತ ಕೋರ್ಟು ಅದನ್ನು ಪ್ರಶ್ನಿಸುವಂತಿಲ್ಲ. ಇವು 211 ಮತ್ತು 212ನೇ ವಿಧಿಗಳು, ಅಕ್ಕಪಕ್ಕದಲ್ಲೇ ಇವೆ.

ಇದು ಚೆನ್ನಾಗಿ ಅರ್ಥವಾಗುವುದು ಬೊಮ್ಮಾಯಿ ಕೇಸಿನಲ್ಲಿ. 1989ರ ಏಪ್ರಿಲ್‌ನಲ್ಲಿ ಕೆಲವು ಶಾಸಕರ ಪತ್ರ ಇಟ್ಟುಕೊಂಡು ರಾಜ್ಯಪಾಲರು ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರಿಗೆ ಬಹುಮತ ಇಲ್ಲ ಅಂತ ವರದಿ ಕಳಿಸಿದರು. ಸದನದಲ್ಲೇ ಸಾಬೀತು ಮಾಡುತ್ತೇನೆ ಅಂದರೂ ಅವಕಾಶ ಸಿಗಲಿಲ್ಲ, ಸರ್ಕಾರ ವಜಾ ಆಯಿತು. ಹೈಕೋರ್ಟಲ್ಲೂ ಸೋತರು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜುಗಳ ಪೀಠ ಬಹುಮತ ಇದೆಯೋ ಇಲ್ಲವೋ ಅಂತ ನೋಡಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಅಂದಿತು. ಕೋರ್ಟು ತಾನೇ ತಲೆ ಎಣಿಸಲು ಕೂರಲಿಲ್ಲ, ಎಣಿಸುವ ಜಾಗ ಯಾವುದು ಅಂತ ಹೇಳಿತು ಅಷ್ಟೆ. ಬೊಮ್ಮಾಯಿ ಅವರಿಗೆ ಕುರ್ಚಿ ವಾಪಸ್ ಸಿಗಲಿಲ್ಲ ಬಿಡಿ. ಆದರೆ 2018ರ ಮೇನಲ್ಲಿ ಬಹುಮತ ತೋರಿಸಲು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಅವರಿಗೆ ರಾಜ್ಯಪಾಲರು ಹದಿನೈದು ದಿನ ಕೊಟ್ಟಾಗ, ಸುಪ್ರೀಂ ಕೋರ್ಟು ನಾಳೆ ಸಂಜೆ ನಾಲ್ಕಕ್ಕೇ ಆಗಲಿ ಅಂದಿತು. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ಎದ್ದು ರಾಜೀನಾಮೆ ಘೋಷಿಸಿದರು.