ಏಳು ದಿನದ ಎನ್‌ಎಸ್‌ಎಸ್ ಶಿಬಿರ: ಊರಿಗೆ ಉಳಿಯುವಂಥ ಕೆಲಸ ಯಾವುದು?

ಪ್ರಶ್ನೆ: ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಶಿಬಿರ ಮಾರ್ಚ್‌ನಲ್ಲಿದೆ. 50 ಜನ ಹೋಗುತ್ತೇವೆ. ಪ್ರತಿ ವರ್ಷವೂ ಸಸಿ ನೆಡುವುದು, ಶಾಲೆ ಅಂಗಳ ಗುಡಿಸುವುದು ಇಷ್ಟೇ ಆಗುತ್ತಿದೆ. ನಾವು ವಾಪಸ್ ಬಂದ ಮೇಲೂ ಊರಿನವರಿಗೆ ಉಪಯೋಗವಾಗುವಂಥದ್ದು ಏನು ಮಾಡಬಹುದು?

ಉತ್ತರ: ಬಚ್ಚಲು ನೀರು ಇಂಗಿಸುವ ಗುಂಡಿ ಮಾಡಿಕೊಡಿ. ಮಾರ್ಚ್‌ನಲ್ಲಿ ನೆಟ್ಟ ಸಸಿಗೆ ಮುಂಗಾರು ಹಿಡಿಯುವವರೆಗೆ ಯಾರಾದರೂ ನೀರು ಹೊರಬೇಕು. ಆ ಹೊಣೆ ಹೊರುವವರು ಸಿಗದಿದ್ದರೆ ನೆಡದಿರುವುದೇ ಮೇಲು. ಬಚ್ಚಲು ನೀರಿನ ತೊಂದರೆ ಮಾತ್ರ ವರ್ಷವಿಡೀ ಇರುತ್ತದೆ. ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಜಲ ಜೀವನ ಮಿಷನ್ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್, ಅಂದರೆ ಐದು ಜನರ ಮನೆಗೆ 275 ಲೀಟರ್. ಅದರಲ್ಲಿ ಬಹುಪಾಲು ಸ್ನಾನ ಮಾಡಿದ, ಪಾತ್ರೆ ಬಟ್ಟೆ ತೊಳೆದ ನೀರಾಗಿ ಹೊರಗೆ ಬರುತ್ತದೆ. ಚರಂಡಿ ಇಲ್ಲದ ಓಣಿಯಲ್ಲಿ ಅದು ಮನೆ ಮುಂದೆಯೇ ನಿಂತು ಸೊಳ್ಳೆಗೆ ತವರಾಗುತ್ತದೆ.

ಮೊದಲು ಮಣ್ಣು ನೋಡಿ. ಶಿಬಿರಕ್ಕೆ ಎರಡು ಮೂರು ವಾರ ಮುಂಚೆಯೇ ಹೋಗಿ, ಆರಿಸಿದ ಜಾಗದಲ್ಲಿ ಒಂದಡಿ ಆಳದ ಸಣ್ಣ ಕುಳಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ, ಗಡಿಯಾರ ನೋಡಿ. ಅರ್ಧ ಗಂಟೆಯಲ್ಲಿ ನೀರು ಒಂದು ಇಂಚಾದರೂ ಇಳಿದರೆ ಅಲ್ಲಿ ಗುಂಡಿ ನಡೆಯುತ್ತದೆ. ಮರಳು ಬೆರೆತ ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಎರೆಮಣ್ಣು ನೀರು ಕುಡಿದು ಉಬ್ಬಿ ಮುಚ್ಚಿಕೊಳ್ಳುತ್ತದೆ. ಅಲ್ಲಿ ಗುಂಡಿಯ ಬದಲು ಕಾಲುವೆ ತೆಗೆದು ಬಾಳೆ ಬುಡಕ್ಕೋ ಕೈತೋಟಕ್ಕೋ ನೀರು ಹಾಯಿಸಿ. ಕರಾವಳಿಯಲ್ಲಿ ಬಾವಿ ಅಂಗಳದಲ್ಲೇ ಇರುತ್ತದೆ, ಅಂತರ್ಜಲವೂ ಮೇಲೆಯೇ. ಬಾವಿಯಿಂದ 15 ಮೀಟರ್ ದೂರ ಸಿಗದಿದ್ದರೆ ಕೈಹಾಕಬೇಡಿ. ಮನೆ ಗೋಡೆಯಿಂದ ಎರಡು ಮೀಟರ್ ಬಿಡಿ.

ಇನ್ನೊಂದು ಮಾತು: ಊರಿಗೆ ನೀರು ಬಿಡುವ ನೀರುಗಂಟಿಯನ್ನು ಕೇಳದೆ ಹಾರೆ ಹಾಕಬೇಡಿ. ಪೈಪು ಎಲ್ಲಿ ಹೋಗಿದೆ ಎಂದು ಸರಿಯಾಗಿ ಗೊತ್ತಿರುವುದು ಅವರಿಗೇ. ಒಂದು ಪೈಪು ಒಡೆದರೆ ಇಡೀ ಓಣಿಗೆ ನೀರಿಲ್ಲ, ನಿಮ್ಮ ಶಿಬಿರದ ಮೇಲಿನ ವಿಶ್ವಾಸವೂ ಅಲ್ಲಿಗೇ ಮುಗಿಯಿತು.

ಅಳತೆ ಉದ್ದ, ಅಗಲ, ಆಳ ಒಂದೊಂದು ಮೀಟರ್. ಕಲ್ಲು ತುಂಬಿದ ಮೇಲೂ ಸಂದಿಗಳಲ್ಲಿ ಸುಮಾರು 300 ಲೀಟರ್ ಹಿಡಿಯುತ್ತದೆ, ಐದಾರು ಜನರ ಮನೆಗೆ ಸಾಕು. ಹತ್ತು ಜನರ ತಂಡಕ್ಕೆ ಎರಡು ಹಾರೆ, ಎರಡು ಪಿಕಾಸಿ, ಎರಡು ಸಲಿಕೆ, ನಾಲ್ಕು ಬಾಂಡ್ಲಿ ಬೇಕು. ಗುಂಡಿಯೊಳಗೆ ಒಮ್ಮೆಗೆ ಒಬ್ಬರೇ ಇಳಿಯಲಿ, ಕಾಲು ಗಂಟೆಗೊಮ್ಮೆ ಬದಲಾಗಲಿ. ತೆಗೆದ ಮಣ್ಣನ್ನು ಅಂಚಿನಿಂದ ಎರಡಡಿ ಆಚೆ ಹಾಕಿ. ಅಭ್ಯಾಸವಿಲ್ಲದ ಕೈಗೆ ಒಂದು ಗುಂಡಿ ಎರಡು ಬೆಳಗಿನ ಕೆಲಸ. ಮೊದಲ ದಿನ, ಕೊನೆಯ ದಿನ ಕಳೆದರೆ ಐದು ಬೆಳಗು ಉಳಿಯುತ್ತವೆ. ಐದು ತಂಡಕ್ಕೆ ಹತ್ತು ಗುಂಡಿ. ಇದಕ್ಕಿಂತ ಹೆಚ್ಚು ಒಪ್ಪಿಕೊಂಡರೆ ಕೊನೆಯವು ಬಾಯ್ತೆರೆದುಕೊಂಡೇ ಉಳಿದು, ಮಕ್ಕಳೋ ಕರುವೋ ಬೀಳುವಂತಾಗುತ್ತದೆ.

ಕಲ್ಲು ತುಂಬುವಾಗ ಅವಸರ ಬೇಡ. ತಳದ ಒಂದಡಿಗೆ ಐದಾರು ಇಂಚಿನ ಗುಂಡುಕಲ್ಲು, ನಡುವೆ ಮೂರು ಇಂಚಿನದು, ಮೇಲೆ ಒಂದೂವರೆ ಇಂಚಿನ ಜಲ್ಲಿ. ಮೇಲ್ಗಡೆ ಅರ್ಧ ಅಡಿ ಖಾಲಿ ಬಿಡಿ. ಒಂದು ಟ್ರ್ಯಾಕ್ಟರ್ ಲೋಡ್ ಸುಮಾರು ಮೂರು ಗುಂಡಿಗೆ ಆಗುತ್ತದೆ. ಮಣ್ಣು ಮೆತ್ತಿದ ಕಲ್ಲನ್ನು ತೊಳೆದೇ ಹಾಕಿ. ಇಟ್ಟಿಗೆ ಚೂರು ಬೇಡ, ನೆನೆದು ಪುಡಿಯಾಗಿ ಸಂದಿ ಮುಚ್ಚುತ್ತದೆ.

ಗುಂಡಿ ಕೆಡುವುದು ಬಹುಪಾಲು ಅನ್ನದಗುಳು, ಜಿಡ್ಡು, ಸೋಪಿನ ಗಸಿಯಿಂದ. ಅದಕ್ಕೇ ಪೈಪಿನ ಬಾಯಿಗೆ ಮಣ್ಣಿನ ಮಡಕೆ ಇಡಬೇಕು. ತಳದಲ್ಲಿ ಬೆರಳು ಹೋಗುವಷ್ಟು ಐದಾರು ತೂತು ಕೊರೆದು, ಒಳಗೆ ತೆಂಗಿನ ನಾರು ತುರುಕಿ, ಜಲ್ಲಿಯಲ್ಲಿ ಕುತ್ತಿಗೆವರೆಗೆ ಹೂತು ಕೂರಿಸಿ. ಬಚ್ಚಲಿನಿಂದ ಬರುವ ಪೈಪಿಗೆ ನಾಲ್ಕು ಅಡಿಗೆ ಒಂದು ಇಂಚು ಇಳಿಜಾರು ಇರಲಿ. ಉಳಿದ ಜಾಗಕ್ಕೆ ಗೊಬ್ಬರದ ಖಾಲಿ ಚೀಲ ಹಾಸಿ, ಮೇಲೆ ಮಣ್ಣು ಎಳೆದು, ಮಳೆನೀರು ನುಗ್ಗದಂತೆ ಸ್ವಲ್ಪ ಏರಿಸಿ. ಮಡಕೆ ಬಾಯಿಗೆ ಎತ್ತಿ ಇಡಬಹುದಾದ ಚಪ್ಪಡಿ ಮುಚ್ಚಿ. ಶೌಚಾಲಯದ ನೀರನ್ನು ಇದಕ್ಕೆ ಸೇರಿಸಲೇಬಾರದು.

ಕಲ್ಲು, ಪೈಪಿನ ಖರ್ಚಿಗೆ ಪಂಚಾಯಿತಿಯ ಪಿಡಿಒ (ಅಭಿವೃದ್ಧಿ ಅಧಿಕಾರಿ) ಅವರನ್ನು ಮೊದಲೇ ಕಾಣಿ. ಮನೆಯವರೂ ಒಂದು ಪಾಲು ಅಗೆಯುವಂತೆ ಒಪ್ಪಿಸಿ. ಬೆವರು ಹರಿಸಿದ ಮನೆಯಲ್ಲಿ ಗುಂಡಿ ಹಾಳು ಬೀಳುವುದು ಕಡಿಮೆ. ನಾರು ಬದಲಿಸುವುದನ್ನು ಪಾತ್ರೆ ತೊಳೆಯುವ ಅಮ್ಮನಿಗೋ ಅಕ್ಕನಿಗೋ ಕೈಯಾರೆ ಮಾಡಿ ತೋರಿಸಿ. ಯಜಮಾನರಿಗಷ್ಟೇ ಹೇಳಿ ಬಂದರೆ ಆ ಮಡಕೆಯನ್ನು ಯಾರೂ ತೆಗೆಯುವುದಿಲ್ಲ.

ಶಿಬಿರವಲ್ಲದೆ ಪ್ರತಿ ಸ್ವಯಂಸೇವಕರಿಗೂ ವರ್ಷಕ್ಕೆ 120 ಗಂಟೆಯ ಕೆಲಸವಿದೆ. ಅದರಲ್ಲಿ ಎರಡು ಭಾನುವಾರ ಇದಕ್ಕೆ ಎತ್ತಿಡಿ: ಒಂದು ತಿಂಗಳಾದ ಮೇಲೆ ಒಮ್ಮೆ, ಮೊದಲ ದೊಡ್ಡ ಮಳೆ ಕಳೆದ ಮೇಲೆ ಇನ್ನೊಮ್ಮೆ. ಹತ್ತೂ ಮನೆಯ ಚಪ್ಪಡಿ ಎತ್ತಿ ನೋಡಿ. ಮಡಕೆಯಲ್ಲಿ ನೀರು ನಿಂತಿದ್ದರೆ ಮೊದಲು ನಾರು ಬದಲಿಸಿ. ಆಗಲೂ ಇಳಿಯದಿದ್ದರೆ ಮೇಲಿನ ಜಲ್ಲಿ ಹೊರತೆಗೆದು ತೊಳೆದು ಮತ್ತೆ ತುಂಬಿ.